ಕಾದಂಬರಿ ಬರೆಯುವವರು ನಿಮ್ಮ ನಿಮ್ಮ ದಾರಿ ಹೇಗೆ ಕಂಡುಕೊಂಡಿರಿ?

ಭಟ್ಟಿಬೀದಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಕೇಳಲೇಬೇಕು ಅನ್ನಿಸಿತು.

ನಾನು ಸಣ್ಣಕತೆ ಬರೆಯುತ್ತೇನೆ. ಕೆಲವು ಪತ್ರಿಕೆಗಳಲ್ಲಿ ಬಂದಿವೆ, ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳಲ್ಲಿ ಬಹುಮಾನವೂ ಸಿಕ್ಕಿದೆ. ಈಗ ಕಾದಂಬರಿಗೆ ಕೈ ಹಾಕಿದ್ದೇನೆ. ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಸುತ್ತ ನಡೆಯುವ ಕತೆ. ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಭಟ್ಟಿ ಕೆಲಸಕ್ಕೆ ಇಳಿದ ಒಂದು ಮನೆಯವರ ಬದುಕು. ಮೂರು ಅಧ್ಯಾಯ ಸಲೀಸಾಗಿ ಬಂದವು. ಆಮೇಲೆ ನಿಂತುಹೋಯಿತು. ನಾಲ್ಕನೇ ಅಧ್ಯಾಯ ಅಂತ ಬರೆದು ಅದರ ಕೆಳಗೆ ಸುಮ್ನೆ ನೋಡುತ್ತಾ ಕೂತಿರುತ್ತೇನೆ.

ಯೂಟ್ಯೂಬಿನಲ್ಲಿ ಹುಡುಕಿದರೆ ಎಲ್ಲ ಒಂದೇ ರಾಗ. ಬೆಳಿಗ್ಗೆ ಐದಕ್ಕೆ ಏಳಿ, ದಿನಕ್ಕೆ ಸಾವಿರ ಪದ ಬರೆಯಿರಿ, ಮೊದಲೇ ಪೂರ್ತಿ ನಕ್ಷೆ ಹಾಕಿಕೊಳ್ಳಿ. ಇನ್ನೊಬ್ಬರು ನಕ್ಷೆ ಹಾಕಲೇಬೇಡಿ ಅನ್ನುತ್ತಾರೆ. ನಾನು ಬ್ಯಾಂಕಿನವನು. ಮಾರ್ಚ್ ಬಂತೆಂದರೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಕನ್ನಡದಲ್ಲಿ ಬರೆಯುವವರು, ಬರೆದವರು, ನಿಜವಾಗಿ ಹೇಗೆ ಬರೆಯುತ್ತಾರೆ? ಅದು ಗೊತ್ತಾದರೆ ಸಾಕು.

ರಾಗಿಮುದ್ದೆ (ಮಂಡ್ಯ)

ಕೂತು ಬರೀರಿ ಗುರುಗಳೇ. ಅಷ್ಟೇ. ಉಳಿದದ್ದೆಲ್ಲ ಬರೆಯದೇ ಇರೋದಕ್ಕೆ ನೆಪ.

ಲೋಕಲ್‌ಗಾಡಿ (ಡೊಂಬಿವಲಿ)

ರಾಗಿಮುದ್ದೆಯವರ ಮಾತು ಕೇಳಲು ಚೆಂದ. ಆದರೆ ಎಲ್ಲಿ ಕೂರುವುದು, ಯಾವಾಗ ಕೂರುವುದು ಅನ್ನುವುದೇ ಅಲ್ವಾ ಪ್ರಶ್ನೆ?

ಬ್ಯಾಂಕ್ ಕೆಲಸ ಇದೆ ಅಂತ ಭಟ್ಟಿಬೀದಿ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಕನ್ನಡದ ಒಳ್ಳೆಯ ಕತೆಗಾರರಲ್ಲಿ ಎಷ್ಟೋ ಜನ ನೌಕರಿಯವರೇ. ಮಾಸ್ತಿಯವರು ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿ. ಯಶವಂತ ಚಿತ್ತಾಲರು ನಮ್ಮ ಮುಂಬಯಿಯಲ್ಲೇ ಪ್ಲಾಸ್ಟಿಕ್, ರೆಸಿನ್ ತಯಾರಿಸುವ ಕಂಪನಿಯಲ್ಲಿ ಇದ್ದವರು. ಜಯಂತ ಕಾಯ್ಕಿಣಿ ಜೀವರಸಾಯನ ಓದಿ ಇಲ್ಲಿನ ಔಷಧಿ ಕಂಪನಿಯಲ್ಲಿ ಕೆಲಸ ಮಾಡಿದವರು. ವಿವೇಕ ಶಾನಭಾಗ ಎಂಜಿನಿಯರ್.

ಇವರ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಅವರು ಸಮಯ ಹೇಗೆ ಹೊಂದಿಸಿಕೊಂಡರು ಅನ್ನುವುದಲ್ಲ. ನೌಕರಿಯೇ ಕತೆಯ ಒಳಗೆ ಬಂತು. 1979ರಲ್ಲಿ ಬಂದ ‘ಶಿಕಾರಿ’ ಓದಿ ನೋಡಿ. ಕಂಪನಿಯೊಳಗಿನ ಪತ್ರ ವ್ಯವಹಾರ, ವಿಚಾರಣೆ, ಮೇಲಿನವರ ಸಂಚು, ಅಮಾನತ್ತಾದ ಮನುಷ್ಯನ ಭಯ. ಹೊರಗೆ ನಿಂತು ಕಲ್ಪಿಸಿಕೊಂಡು ಬರೆಯುವವನಿಗೆ ಆ ಭಯ ಅಷ್ಟು ಹತ್ತಿರದಿಂದ ಸಿಗುವುದು ಕಷ್ಟ. ಅದೇ ಚಿತ್ತಾಲರು ಮತ್ತೆ ಮತ್ತೆ ಉತ್ತರ ಕನ್ನಡದ ಹನೇಹಳ್ಳಿಗೂ ಹೋಗುತ್ತಾರೆ. ಒಂದು ಕಾಲು ಆಫೀಸಿನಲ್ಲಿ, ಇನ್ನೊಂದು ಹುಟ್ಟಿದೂರಿನಲ್ಲಿ.

ಬ್ಯಾಂಕಿನಲ್ಲಿ ದಿನವೂ ಎಷ್ಟು ಜನರ ಸಾಲದ ಕತೆ ಕೇಳುತ್ತೀರಿ ನೀವು! ಭಟ್ಟಿಯವರೂ ಬಂದಿರಬೇಕಲ್ಲ?

ಅಡಿಟಿಪ್ಪಣಿ (ಗದಗ)

ನಮ್ಮೂರಿನ ಹಿರಿಯನ ಮಾತು ಹೇಳದೆ ಹೋದರೆ ಹೇಗೆ?

ವೀರನಾರಾಯಣ ಗುಡಿಯಲ್ಲಿ ಒಂದು ಕಂಬ ತೋರಿಸುತ್ತಾರೆ. ಕುಮಾರವ್ಯಾಸ ಅದಕ್ಕೆ ಒರಗಿ ಕೂತು ಭಾರತ ಬರೆದ ಅಂತ ಪ್ರತೀತಿ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಬಟ್ಟೆ ಒಣಗುವ ತನಕ ಪದ್ಯ ಹರಿಯುತ್ತಿತ್ತು, ಒಣಗಿದೊಡನೆ ಆ ದಿನದ ಬರವಣಿಗೆ ಮುಗಿಯಿತು. ನಿಜವೋ ಸುಳ್ಳೋ ಬೇರೆ ಮಾತು. ಗಡಿಯಾರ ಇಲ್ಲದ ಕಾಲದಲ್ಲಿ ಎಂಥ ಅಳತೆ ನೋಡಿ! ಬೇಸಿಗೆಯಲ್ಲಿ ಕಡಿಮೆ, ಮಳೆಗಾಲದಲ್ಲಿ ಜಾಸ್ತಿ.

ಕಾವ್ಯದ ಶುರುವಿನಲ್ಲೇ ತನ್ನ ಪದ್ಧತಿಯ ಬಗ್ಗೆ ಕೊಚ್ಚಿಕೊಳ್ಳುತ್ತಾನೆ ಅವನು. ಹಲಗೆ ಬಳಪ ಹಿಡಿಯುವುದಿಲ್ಲ, ಅಂದರೆ ಕರಡು ಇಲ್ಲ. ಇಟ್ಟ ಪದ ಅಳಿಸುವುದಿಲ್ಲ. ಬೇರೆಯವರ ರೀತಿ ತೆಗೆದುಕೊಳ್ಳುವುದಿಲ್ಲ. ಬರೆಯಲು ಶುರು ಮಾಡಿದರೆ ಓಲೆಯ ಮೇಲೆ ಕಂಠದ, ಅಂದರೆ ಬರೆಯುವ ಕಡ್ಡಿಯ, ಸದ್ದು ನಿಲ್ಲುವುದಿಲ್ಲ. ಒಂದೇ ಪದ್ಯದಲ್ಲಿ ನಾಲ್ಕು ಹೆಮ್ಮೆ. ಆ ನಾಲ್ಕರಲ್ಲಿ ಮೂರನ್ನು ನಾವ್ಯಾರೂ ಪಾಲಿಸುವ ಹಾಗಿಲ್ಲ. ಮೂರನೆಯದು ಮಾತ್ರ ಈಗಲೂ ಕೆಲಸಕ್ಕೆ ಬರುತ್ತದೆ.

ರಾಗಿಮುದ್ದೆ

ಒದ್ದೆ ಟವೆಲ್ ಉಟ್ಕೊಂಡು ಕೂತ್ರೆ ನೆಗಡಿ ಬರುತ್ತೆ ಅಷ್ಟೇ. 😄

ಸಾಲುಮರ (ಮೈಸೂರು)

ನಾನು ಎರಡು ಕಾದಂಬರಿ ಬರೆದಿದ್ದೇನೆ. ನನ್ನ ಮಟ್ಟಿಗೆ ತಯಾರಿ ಇಲ್ಲದೆ ಬರೆಯುವುದು ಸಾಧ್ಯವೇ ಇಲ್ಲ. ಯಾರಿಂದ ಕಲಿತೆ ಅಂದರೆ ಭೈರಪ್ಪನವರಿಂದ. ಅವರ ವಿಚಾರಗಳನ್ನು ಒಪ್ಪುವುದು ಬಿಡುವುದು ಬೇರೆ. ಇಲ್ಲಿ ಆ ಚರ್ಚೆ ಬೇಡ ಅಂತ ಮೊದಲೇ ಕೈ ಮುಗಿಯುತ್ತೇನೆ.

‘ಪರ್ವ’ ಬಂದದ್ದು 1979ರಲ್ಲಿ. ಅದನ್ನು ಹೇಗೆ ಬರೆದೆ ಅಂತ ಅವರೇ ‘ನಾನೇಕೆ ಬರೆಯುತ್ತೇನೆ?’ ಪುಸ್ತಕದಲ್ಲಿ ಉದ್ದಕ್ಕೆ ಹೇಳಿಕೊಂಡಿದ್ದಾರೆ. ಗ್ರಂಥ ಓದಿದ್ದು ಒಂದು ಕಡೆ. ಜೊತೆಗೆ ಉತ್ತರದ ಊರುಗಳನ್ನು ತಿರುಗಿದರು. ಅಣ್ಣತಮ್ಮಂದಿರೆಲ್ಲ ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಇನ್ನೂ ಉಳಿದಿದ್ದ ಹಿಮಾಲಯದ ಹಳ್ಳಿಗಳಿಗೆ ಹೋಗಿ ಅಲ್ಲಿನವರ ಜೊತೆ ಮಾತಾಡಿದರು. ದ್ರೌಪದಿಯ ಪಾತ್ರ ದೇವಿಯಾಗಿ ಉಳಿಯದೆ ಮನೆಯೊಳಗಿನ ಹೆಂಗಸಾಗಿ ಬಂದಿದ್ದರ ಹಿಂದೆ ಆ ತಿರುಗಾಟ ಇದೆ.

ಜನ ಇದನ್ನು ಓದಿ, ಓಹೋ ಜಾಸ್ತಿ ಮಾಹಿತಿ ಕಲೆಹಾಕಬೇಕು ಅಂದುಕೊಳ್ಳುತ್ತಾರೆ. ಮಾಹಿತಿ ತುಂಬಿದ ಕಾದಂಬರಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಓದಲು ಆಗುವುದಿಲ್ಲ. ಹೋಗಿ ನೋಡುವುದು ಯಾಕೆ ಅಂದರೆ, ಕೂತಲ್ಲಿ ನಮಗೆ ಹೊಳೆಯದ ಪ್ರಶ್ನೆ ಅಲ್ಲಿ ಎದುರಾಗುತ್ತದೆ.

ಭಟ್ಟಿಬೀದಿ, ನೀವು ಭಟ್ಟಿಯಲ್ಲಿ ಒಂದು ಪೂರ್ತಿ ದಿನ ಕೂತಿದ್ದೀರಾ? ಭತ್ತ ನೆನೆಸುವುದರಿಂದ ಹಿಡಿದು ಕಾದ ಮರಳಿನಲ್ಲಿ ಅಕ್ಕಿ ಹುರಿದು ಅರಳಿಸುವ ತನಕ? ನಾಲ್ಕನೇ ಅಧ್ಯಾಯ ಅಲ್ಲಿ ಸಿಗಬಹುದು.

ಒಗ್ಗರಣೆ (ಶಿವಮೊಗ್ಗ)

ಸಾಲುಮರ ಸರ್, ಹಿಮಾಲಯಕ್ಕೆ ಹೋಗಿ ಬರುವಷ್ಟು ಬಿಡುವು ಯಾರಿಗಿರುತ್ತದೆ ಅನ್ನುವುದನ್ನೂ ಸ್ವಲ್ಪ ಯೋಚಿಸಿ. ನನಗೆ ತೀರ್ಥಹಳ್ಳಿಗೆ ಹೋಗಿ ಬರಬೇಕೆಂದರೂ ಮನೆಯಲ್ಲಿ ಎರಡು ಹೊತ್ತಿನ ಅಡುಗೆ ಮಾಡಿಟ್ಟು ಹೋಗಬೇಕು.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅವರ ಸಂದರ್ಶನಗಳನ್ನು ಒಂದೂ ಬಿಡದೆ ಓದಿದೆ. ತಾನು ದೊಡ್ಡ ಸಂಶೋಧನೆ ಮಾಡುವುದಿಲ್ಲ, ತನ್ನ ಹೃದಯವೇ ತನ್ನ ಅಧ್ಯಯನದ ಜಾಗ ಅನ್ನುವ ಅರ್ಥದ ಮಾತು ಹೇಳಿದ್ದರು. ಹಾಸನದಲ್ಲಿ ವಕೀಲಿಕೆ ಮಾಡಿದವರು, ಪತ್ರಿಕೆಗೆ ಬರೆದವರು, ಚಳವಳಿಯಲ್ಲಿ ಇದ್ದವರು. ಕಷ್ಟ ಹೇಳಿಕೊಂಡು ಬರುವ ಹೆಂಗಸರನ್ನು ಅವರು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಪ್ರಶಸ್ತಿ ಬಂದ ‘ಹಾರ್ಟ್ ಲ್ಯಾಂಪ್’ ಪುಸ್ತಕದ ಹನ್ನೆರಡು ಕತೆಗಳು 1990ರಿಂದ 2023ರವರೆಗೆ ಬರೆದವು. ಮೂವತ್ತು ವರ್ಷಕ್ಕೂ ಜಾಸ್ತಿ! ದಿನಕ್ಕೆ ಸಾವಿರ ಪದದ ಲೆಕ್ಕ ಇಲ್ಲಿ ಎಲ್ಲಿಗೆ ಹೊಂದುತ್ತದೆ ಹೇಳಿ.

ಎಂ.ಕೆ. ಇಂದಿರಾ ಅವರನ್ನೂ ನೆನೆಯಬೇಕು. ನಮ್ಮ ತೀರ್ಥಹಳ್ಳಿಯವರು. ಮೊದಲ ಕಾದಂಬರಿ ‘ತುಂಗಭದ್ರ’ ಅಚ್ಚಾಗಿದ್ದು 1963ರಲ್ಲಿ, ಆಗ ಅವರಿಗೆ ನಲವತ್ತೈದು ದಾಟಿತ್ತು. ಆ ಕಾಲದಲ್ಲಿ ಎಷ್ಟೋ ಜನ, ನನ್ನ ಕೆಲಸ ಮುಗಿಯಿತು, ಇನ್ನು ಮೊಮ್ಮಕ್ಕಳು ಅನ್ನುವ ವಯಸ್ಸು. ಆಮೇಲೆ ‘ಫಣಿಯಮ್ಮ’ ಬಂತು. ತಮ್ಮ ಮನೆತನದ ಹಿರಿಯ ಹೆಂಗಸೊಬ್ಬರ ಬದುಕನ್ನು ಮನೆಯವರ ಬಾಯಲ್ಲಿ ಕೇಳಿ ಕೇಳಿ ಬರೆದದ್ದು. ಅವರ ಗ್ರಂಥಾಲಯ ಅಂದರೆ ಅಡುಗೆಮನೆ, ಹಿತ್ತಲು, ಮದುವೆಮನೆ. ಅಲ್ಲಿ ಯಾರು ಯಾರಿಗೆ ಏನು ಹೇಳಿದರು ಅನ್ನುವುದನ್ನು ನಲವತ್ತು ವರ್ಷ ಕೇಳಿಸಿಕೊಂಡರು. ಅದೂ ತಯಾರಿಯೇ ಅಲ್ವಾ? ಹೆಸರು ಮಾತ್ರ ಯಾರೂ ಇಟ್ಟಿಲ್ಲ.

ನನ್ನ ಪದ್ಧತಿ ಕೇಳಿದರೆ ನಗುತ್ತೀರಿ. ಮಧ್ಯಾಹ್ನ ಪಾತ್ರೆ ತೊಳೆಯುವಾಗ ಫೋನಿಗೆ ಮಾತಾಡುತ್ತೇನೆ. ಅದು ಟೈಪ್ ಮಾಡಿಕೊಳ್ಳುತ್ತದೆ. ರಾತ್ರಿ ಕೂತು ತಿದ್ದುತ್ತೇನೆ. ಬಾಯಲ್ಲಿ ಹೇಳುವುದರಿಂದ ಒಂದು ಲಾಭ ಇದೆ, ಮಾತು ಪುಸ್ತಕದ ಹಾಗೆ ಬರುವುದಿಲ್ಲ. ನಷ್ಟವೂ ಇದೆ. ನಮ್ಮ ಕಡೆಯ ಮಾತು ಹೇಳಿದರೆ ಫೋನು ತನಗೆ ತೋಚಿದ್ದು ಬರೆದುಕೊಳ್ಳುತ್ತದೆ. ಒಂದು ಸಲ ‘ಅಪ್ಪಯ್ಯ’ ಅಂದರೆ ‘ಅಪಾಯ’ ಅಂತ ಬರೆದಿತ್ತು. ಕತೆಗೆ ಅದೂ ಹೊಂದುತ್ತಿತ್ತು ಬಿಡಿ.

ಸಾಲುಮರ

ಒಗ್ಗರಣೆ ಮೇಡಂ, ಒಪ್ಪಿದೆ. ಹಿಮಾಲಯ ಅಂದದ್ದು ಉದಾಹರಣೆಗೆ. ದಾವಣಗೆರೆಯವರಿಗೆ ಭಟ್ಟಿ ಇರುವುದು ನಡೆದುಹೋಗುವಷ್ಟು ದೂರದಲ್ಲಿ.

ರಾಗಿಮುದ್ದೆ

ಭೈರಪ್ಪನೋರಿಗೆ ಮೇಷ್ಟ್ರ ಕೆಲಸ, ಬೇಸಿಗೆ ರಜೆ ಇತ್ತು. ತೇಜಸ್ವಿಗೆ ಮೂಡಿಗೆರೇಲಿ ತೋಟ ಇತ್ತು. ನನ್ನ ಸ್ನೇಹಿತನೊಬ್ಬ ಕಾಡಿನ ಪಕ್ಕ ಇದ್ದರೆ ‘ಕರ್ವಾಲೊ’ ಥರ ಬರೆಯಬಹುದು ಅಂತ ಸಕಲೇಶಪುರದ ಕಡೆ ಜಾಗ ಬಾಡಿಗೆಗೆ ತಗೊಂಡ. ಈಗ ಅಲ್ಲಿ ಹೋಂಸ್ಟೇ ನಡೆಸ್ತಾನೆ. ಕತೆ ಒಂದೂ ಬಂದಿಲ್ಲ, ಆದಾಯ ಚೆನ್ನಾಗಿದೆ.

ಅಡಿಟಿಪ್ಪಣಿ

ನಗು ಬಂತು. ಆದರೆ ತೇಜಸ್ವಿಯವರ ವಿಷಯದಲ್ಲಿ ಜನ ಜಾಗ ನೋಡುತ್ತಾರೆ, ಕ್ರಮ ನೋಡುವುದಿಲ್ಲ. ಮೊದಲು ಆಗಿನ ನವ್ಯ ಸಾಹಿತ್ಯ ಚಳವಳಿಯ ಹಾದಿಯಲ್ಲೇ ಬರೆದವರು. ಅದು ಸಾಕಾಯಿತು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ತಂದಾಗ ಮುನ್ನುಡಿಯಲ್ಲೇ ನವ್ಯದಿಂದ ಹೊರಗೆ ಬರುವ ಮಾತಾಡಿದರು. ಹೊಸ ದಾರಿ ಹುಡುಕಬೇಕು ಅನ್ನುವ ತೀರ್ಮಾನ ಮೇಜಿನ ಮುಂದೆ ಆಯಿತೋ ಮೀನು ಹಿಡಿಯುವಾಗ ಆಯಿತೋ ಬಲ್ಲವರು ಹೇಳಲಿ. ಆದರೆ ಹಳೆಯದು ಯಾಕೆ ಸಾಲದು ಅನ್ನುವುದು ಅವರಿಗೆ ಸ್ಪಷ್ಟ ಇತ್ತು. ತೋಟ ಆಮೇಲಿನ ಮಾತು.

ಮಂಜಿನೂರು (ಇಂಗ್ಲೆಂಡ್)

ಸಾವಿರ ಪದದ ಲೆಕ್ಕದ ಬಗ್ಗೆ ಒಂದು ಮಾತು. ನಾನಿಲ್ಲಿ ಒಂದು ಬರಹಗಾರರ ಗುಂಪಿನಲ್ಲಿದ್ದೇನೆ. ಅವರೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ನಾನೊಬ್ಬ ಕನ್ನಡದಲ್ಲಿ. ನವೆಂಬರಿನಲ್ಲಿ ಐವತ್ತು ಸಾವಿರ ಪದ ಬರೆಯುವ ಪಂದ್ಯ ಇತ್ತಲ್ಲ, ಅದರ ಲೆಕ್ಕವನ್ನು ಕನ್ನಡಕ್ಕೆ ಹಾಗೇ ತರಬೇಡಿ. ನಮ್ಮಲ್ಲಿ ವಿಭಕ್ತಿ, ಕಾಲ, ಲಿಂಗ ಎಲ್ಲ ಒಂದೇ ಪದದೊಳಗೆ ಹೋಗಿ ಕೂರುತ್ತವೆ. ಇಂಗ್ಲಿಷಿನವರು ಒಂದು ಸಾಲು ಬರೆಯುವಷ್ಟನ್ನು ನಾವು ಎರಡು ಪದದಲ್ಲಿ ಮುಗಿಸಿರುತ್ತೇವೆ. ಪದ ಎಣಿಸಿ ಬೇಸರ ಮಾಡಿಕೊಳ್ಳುವ ಬದಲು ಪುಟ ಎಣಿಸಿ. ಇಲ್ಲವೇ ದೃಶ್ಯ ಎಣಿಸಿ. ನಾನು ಒಂದು ಕೂರುವಿಕೆಗೆ ಒಂದು ದೃಶ್ಯ ಅಂತ ಇಟ್ಟುಕೊಂಡಿದ್ದೇನೆ.

ಇನ್ನೊಂದು, ದೂರದ ವಿಷಯ. ಅನಂತಮೂರ್ತಿ ‘ಸಂಸ್ಕಾರ’ ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ. ತಮ್ಮ ಮೇಷ್ಟ್ರು ಮಾಲ್ಕಂ ಬ್ರಾಡ್‌ಬರಿ ಜೊತೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಒಂದು ಸಿನಿಮಾ ನೋಡಿದರು, ಪ್ಲೇಗಿನ ಕಾಲದ್ದು. ಯುರೋಪಿನವನು ಮಧ್ಯಯುಗವನ್ನು ಓದಿ ಕಟ್ಟಿಕೊಳ್ಳಬೇಕು, ನಿಮಗೆ ಅದು ಬದುಕಿನಲ್ಲೇ ಇದೆಯಲ್ಲ ಎಂಬಂಥ ಮಾತು ಅಲ್ಲಿ ಬಂತು. ಅದರಿಂದ ಕಾದಂಬರಿಯ ದೂರ್ವಾಸಪುರದ ಅಗ್ರಹಾರ ಎದ್ದು ಬಂತು. ದಿನವಿಡೀ ಇಂಗ್ಲಿಷ್ ಆಡಿ ದಣಿದು, ರಾತ್ರಿ ಕನ್ನಡಕ್ಕೆ ಮರಳುವ ಆಸೆಯೂ ಅದರಲ್ಲಿ ಇತ್ತು ಅಂತ ಅವರ ಮಾತುಗಳಿಂದ ತಿಳಿಯುತ್ತದೆ.

ನನಗೂ ಊರಲ್ಲಿದ್ದಾಗ ಊರಿನ ಬಗ್ಗೆ ಒಂದು ಸಾಲೂ ಬಂದಿರಲಿಲ್ಲ. ಸಾಲುಮರ ಹೇಳಿದ ‘ಹೋಗಿ ಕೂತು ನೋಡಿ’ ಎಲ್ಲರಿಗೂ ಆಗಿಬರುವುದಿಲ್ಲ. ಭಟ್ಟಿಬೀದಿಗೆ ಭಟ್ಟಿ ತೀರಾ ಹತ್ತಿರ ಇದ್ದದ್ದೇ ತೊಂದರೆ ಆಗಿರಬಹುದು.

ಸಾಲುಮರ

ಅದೇನೋ ಸರಿ, ಆದರೆ ಅವರಿಗೆ ಬ್ರಾಡ್‌ಬರಿ ಸಿಕ್ಕಿದ್ದು ಅದೃಷ್ಟ. ಅದನ್ನು ಪದ್ಧತಿ ಅಂತ ಕರೆಯಲು ಬರುವುದಿಲ್ಲ.

ಮಂಜಿನೂರು

ಹೇಳಿದ ಮಾತು ಕಿವಿಗೆ ಬಿದ್ದ ಕೂಡಲೇ ಹಿಡಿದುಕೊಂಡರಲ್ಲ, ಅದು ಅದೃಷ್ಟವಲ್ಲ. ಅದೇ ಸಿನಿಮಾವನ್ನು ಆ ವರ್ಷ ಸಾವಿರಾರು ಜನ ನೋಡಿದ್ದಾರೆ.

ಪುರವಣಿ (ಬೆಂಗಳೂರು)

ಇಷ್ಟೂ ಓದಿದೆ. ಎಲ್ಲರೂ ಜಾಗ, ಹೊತ್ತು, ತಯಾರಿ ಅಂತ ಮಾತಾಡುತ್ತಿದ್ದೀರಿ. ಭಟ್ಟಿಬೀದಿಯವರ ತೊಂದರೆ ಬೇರೆ ಕಡೆ ಇದೆ ಅಂತ ನನ್ನ ಗುಮಾನಿ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಇದ್ದೆ, ಈಗ ನಿವೃತ್ತ. ಸ್ಪರ್ಧೆಗೆ ಬರುವ ಕತೆಗಳ ಕಟ್ಟು ಮೊದಲು ಬರುತ್ತಿದ್ದದ್ದು ನಮ್ಮ ಮೇಜಿಗೆ. ಆ ಕತೆಗಳಿಗೊಂದು ಮೈಕಟ್ಟು ಇರುತ್ತದೆ. ಪದಮಿತಿ ಎರಡೂವರೆ ಸಾವಿರವೋ ಮೂರು ಸಾವಿರವೋ. ಅಷ್ಟರಲ್ಲೇ ಊರು, ಮನೆ, ಜಗಳ, ಹಳೇ ನೋವು ಎಲ್ಲ ಬರಬೇಕು. ಕೊನೆಯ ಪ್ಯಾರಾದಲ್ಲಿ ಒಂದು ತಿರುವು, ಇಲ್ಲವೇ ಮನಸ್ಸು ಕಲಕುವ ಒಂದು ಚಿತ್ರ. ತೀರ್ಪುಗಾರರು ನೂರಾರು ಕತೆ ಓದಿ ದಣಿದಿರುತ್ತಾರೆ, ಕೊನೆಯ ಪ್ಯಾರಾ ತಲೆಯಲ್ಲಿ ಉಳಿದ ಕತೆಗೆ ಬಹುಮಾನ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ವರ್ಷಗಟ್ಟಲೆ ಹೀಗೇ ಬರೆದವರ ಕೈ ಆ ಅಳತೆಗೆ ಪಳಗಿಬಿಡುತ್ತದೆ. ಅವರು ಕಾದಂಬರಿ ಬರೆಯಲು ಕೂತರೂ ಕೈ ಮೂರು ಸಾವಿರಕ್ಕೆ ಮುಗಿಸಲು ಹವಣಿಸುತ್ತದೆ.

ಭಟ್ಟಿಬೀದಿಯವರೇ, ನಿಮ್ಮ ಮೂರೂ ಅಧ್ಯಾಯಗಳು ಹೇಗೆ ಮುಗಿಯುತ್ತವೆ? ಒಂದೊಂದು ಸಾಲಿನಲ್ಲಿ ಹೇಳಿ ಸಾಕು.

ಭಟ್ಟಿಬೀದಿ

ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಪುರವಣಿ ಸರ್, ಹೇಳುತ್ತೇನೆ.

ಮೊದಲನೆಯದು: ಅಜ್ಜ ಮಿಲ್ಲಿನ ಗೇಟಿಗೆ ಬೀಗ ಬಿದ್ದದ್ದು ನೋಡಿ ವಾಪಸ್ ಬರುತ್ತಾನೆ. ಮನೆಯಲ್ಲಿ ಹೇಳುವುದಿಲ್ಲ. ಮಾರನೇ ದಿನ ಅದೇ ಹೊತ್ತಿಗೆ ಊಟದ ಡಬ್ಬಿ ಹಿಡಿದು ಮತ್ತೆ ಹೊರಡುತ್ತಾನೆ.

ಎರಡನೆಯದು: ಅಜ್ಜಿ ಮೊದಲ ಸಲ ಭಟ್ಟಿಗೆ ಹೋಗಿ ಕೈ ಸುಟ್ಟುಕೊಳ್ಳುತ್ತಾಳೆ, ಅದೇ ಕೈಯಲ್ಲಿ ಕೂಲಿ ಎಣಿಸುತ್ತಾಳೆ.

ಮೂರನೆಯದು: ದೊಡ್ಡ ಮಗ ಹೇಳದೆ ಕೇಳದೆ ಹುಬ್ಬಳ್ಳಿ ಬಸ್ಸು ಹತ್ತುತ್ತಾನೆ.

ಪುರವಣಿ

ಮೂರೂ ಒಳ್ಳೆಯ ಕತೆಗಳು. ಡೆಸ್ಕಿನಲ್ಲಿದ್ದಿದ್ದರೆ ಮೊದಲನೆಯದನ್ನು ಕಣ್ಣು ಮುಚ್ಚಿ ಮುಂದಿನ ಸುತ್ತಿಗೆ ಕಳಿಸುತ್ತಿದ್ದೆ. ತೊಂದರೆ ಅದೇ. ಮೂರು ಕತೆ ಮುಗಿದಿವೆ, ನಾಲ್ಕನೇದಕ್ಕೆ ಯಾರೂ ಏನನ್ನೂ ಬಾಕಿ ಉಳಿಸಿಲ್ಲ.

ಅಜ್ಜ ಡಬ್ಬಿ ಹಿಡಿದು ಹೊರಟ ಅನ್ನುವುದು ಸಣ್ಣಕತೆಗೆ ಕೊನೆ. ಕಾದಂಬರಿಗೆ ಅದು ಶುರು. ಆ ಮನುಷ್ಯ ದಿನವಿಡೀ ಎಲ್ಲಿ ಕೂರುತ್ತಾನೆ? ಬುತ್ತಿ ಎಲ್ಲಿ ತಿನ್ನುತ್ತಾನೆ? ತಿಂಗಳ ಕೊನೆಗೆ ಸಂಬಳ ಅಂತ ಹೆಂಡತಿ ಕೈಗೆ ಏನಾದರೂ ಕೊಡಬೇಕಲ್ಲ, ಅದು ಎಲ್ಲಿಂದ ಬಂತು? ಸಾಲ ಅಂದರೆ ಯಾರ ಹತ್ತಿರ? ಅದೇ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಪಕ್ಕದ ಮನೆಯವನ ಹೆಂಡತಿ ನಲ್ಲಿ ಹತ್ತಿರ ಬಾಯಿ ಬಿಟ್ಟರೆ? ಇಡೀ ಊರಿಗೆ ಗೊತ್ತಿರುವ ಸಂಗತಿ ಒಂದು ಮನೆಗೆ ಮಾತ್ರ ಗೊತ್ತಿಲ್ಲ ಅಂದರೆ ಅದಕ್ಕೆ ಎಷ್ಟು ಜನ ಸಹಕರಿಸಬೇಕು!

ಅಜ್ಜಿ ಭಟ್ಟಿಗೆ ಹೋಗುವುದು ಇದೆಲ್ಲ ಆದ ಮೇಲೆ. ನೀವು ಮೊದಲ ಅಧ್ಯಾಯದಿಂದ ಎರಡನೆಯದಕ್ಕೆ ಜಿಗಿದಿದ್ದೀರಿ. ಜಿಗಿದ ಜಾಗದಲ್ಲಿ ನೂರು ಪುಟ ಬಿದ್ದಿದೆ.

ಮೊದಲು ಮಾಡಬೇಕಾದ್ದು ಇಷ್ಟು. ಮೂರೂ ಅಧ್ಯಾಯದ ಕೊನೆಯ ಪ್ಯಾರಾ ತೆಗೆಯಿರಿ. ನೋವಾಗುತ್ತದೆ, ಅವೇ ಚೆಂದದ ಪ್ಯಾರಾಗಳು.

ಲೋಕಲ್‌ಗಾಡಿ

ಅಬ್ಬಾ. ಇದನ್ನು ಓದಿ ನಾನೂ ನನ್ನ ಕಡತ ತೆಗೆದು ನೋಡಿದೆ.

ಬುಧವಾರಪೇಟೆ (ಧಾರವಾಡ)

ಪುರವಣಿ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ವಾರಪತ್ರಿಕೆಗೆ ಧಾರಾವಾಹಿ ಬರೆದವಳು. ಅಲ್ಲಿನ ಶಾಲೆ ಸ್ಪರ್ಧೆಯ ಶಾಲೆಗೆ ತದ್ವಿರುದ್ಧ ನೋಡ್ರಿ. ಅಲ್ಲಿ ಏನನ್ನೂ ಮುಗಿಸುವ ಹಾಗಿಲ್ಲ. ಮುಗಿಸಿದರೆ ಮುಂದಿನ ವಾರ ಓದುಗರು ಪುಟ ತಿರುವಿ ಹೋಗುತ್ತಾರೆ.

ಒಂದು ಕಾಲಕ್ಕೆ ಕನ್ನಡದಲ್ಲಿ ಎಷ್ಟೋ ಕಾದಂಬರಿಗಳು ಹೀಗೇ ಹುಟ್ಟುತ್ತಿದ್ದವು. ‘ಸುಧಾ’, ‘ಪ್ರಜಾಮತ’, ‘ಕರ್ಮವೀರ’, ಆಮೇಲೆ ‘ತರಂಗ’. ಗುರುವಾರವೋ ಶುಕ್ರವಾರವೋ ಪತ್ರಿಕೆ ಬಂದರೆ ಮನೆಯಲ್ಲಿ ಯಾರು ಮೊದಲು ಓದಬೇಕು ಅಂತ ಜಗಳ. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ತ್ರಿವೇಣಿ ಸುಮಾರು ಹತ್ತು ವರ್ಷದಲ್ಲಿ ಇಪ್ಪತ್ತರಷ್ಟು ಬರೆದು ಮೂವತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡರು. ಸ್ಫೂರ್ತಿ ಬರಲಿ ಅಂತ ಕಾದು ಕೂತವರ ಲೆಕ್ಕ ಅಲ್ಲ ಅದು. ಓದುಗರು ಕಾಯುತ್ತಿದ್ದರು, ಅಷ್ಟೇ. ಈಗ ನಮಗೆ ಕಾಯುವವರು ಯಾರೂ ಇಲ್ಲ. ಅದಕ್ಕೇ ಪದ್ಧತಿ, ಶಿಸ್ತು ಅಂತ ಇಷ್ಟೊಂದು ಮಾತಾಡುತ್ತೇವೆ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ನನಗೆ ಧಾರಾವಾಹಿ ಕಲಿಸಿದ್ದು ಒಂದು ನೋಟ್‌ಬುಕ್ ಇಡುವುದನ್ನು. ಕತೆಯ ಸಾರಾಂಶದ್ದಲ್ಲ, ಅದು ನನ್ನಿಂದ ಆಗುವುದಿಲ್ಲ. ಈ ನೋಟ್‌ಬುಕ್ಕಿನಲ್ಲಿ ಯಾರಿಗೆ ಏನು ಗೊತ್ತು ಅಂತ ಮಾತ್ರ ಬರೆಯುತ್ತೇನೆ. ಒಂದೊಂದು ಪಾತ್ರಕ್ಕೆ ಒಂದು ಪುಟ. ಸೊಸೆಗೆ ಮಾವನ ಸಾಲ ಗೊತ್ತು, ಗಂಡನಿಗೆ ಗೊತ್ತಿಲ್ಲ ಅಂತ ಅವಳು ತಿಳಿದಿದ್ದಾಳೆ, ಆದರೆ ಗಂಡನಿಗೂ ಗೊತ್ತು. ಅಷ್ಟು ಬರೆದರೆ ಮುಂದಿನ ಕಂತು ಸಿದ್ಧ. ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಸಾಕು.

ನಿಮ್ಮ ಅಜ್ಜನ ಕತೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಗುಟ್ಟು ಇರುವ ಮನೆ ನಿಮ್ಮದು.

ಒಗ್ಗರಣೆ

ಬುಧವಾರಪೇಟೆ ಅಕ್ಕ, ಆ ನೋಟ್‌ಬುಕ್ ಉಪಾಯ ಇವತ್ತೇ ಕದಿಯುತ್ತಿದ್ದೇನೆ.

ರಾಗಿಮುದ್ದೆ

ಕೃತಕ ಬುದ್ಧಿಮತ್ತೆಗೆ ಹೇಳಿದರೆ ನಾಲ್ಕನೇ ಅಧ್ಯಾಯ ಒಂದು ನಿಮಿಷದಲ್ಲಿ ಬರುತ್ತೆ. ಯಾರೂ ಹೇಳಲಿಲ್ಲ ಅಂತ ನಾನು ಹೇಳಿದೆ.

ಬುಧವಾರಪೇಟೆ

ಬರುತ್ತದೆ. ಐದನೆಯದೂ ಅದೇ ಬರೆಯಬೇಕಾಗುತ್ತದೆ, ಯಾಕೆಂದರೆ ನಾಲ್ಕರಲ್ಲಿ ಏನಾಯಿತು ಯಾಕಾಯಿತು ನನಗೆ ಗೊತ್ತಿರುವುದಿಲ್ಲ. ಅಕ್ಷರ ತಿದ್ದಲಿಕ್ಕೆ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ.

ಮಾಡರೇಟರ್

ಈ ವಿಷಯಕ್ಕೆ ಬೇರೆ ಚರ್ಚೆ ಈಗಾಗಲೇ ನಡೆಯುತ್ತಿದೆ. ಇಲ್ಲಿ ಬೇಡ, ದಯವಿಟ್ಟು.

ಕೆಂಪುಮಣ್ಣು (ಚಾಮರಾಜನಗರ)

ಭಾಷೆಯ ಬಗ್ಗೆ ಯಾರೂ ಎತ್ತಲಿಲ್ಲ. ನನಗೆ ಬರವಣಿಗೆಯ ದಾರಿ ಅಂದರೆ ಮೊದಲು ಅದೇ. ನಾನು ಶುರುವಿನಲ್ಲಿ ಪಠ್ಯಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೆ. ಮಾತು ಬಂದಾಗ ಮಾತ್ರ ನಮ್ಮ ಕಡೆಯ ಕನ್ನಡ. ಅದರಿಂದ ಏನಾಗುತ್ತಿತ್ತು ಅಂದರೆ ಕತೆ ಹೇಳುವವನು ಮೇಲೆ ಕುರ್ಚಿಯಲ್ಲಿ ಕೂತ ಹಾಗೆ, ನಮ್ಮ ಜನ ಕೆಳಗೆ ನೆಲದ ಮೇಲೆ. ಇದು ನನಗೆ ಗೊತ್ತಾಗಿದ್ದು ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಓದಿದಾಗ. ಅಲ್ಲಿ ಹೇಳುವವನೂ ನಂಜನಗೂಡು ಸೀಮೆಯ ಮಾತಲ್ಲೇ ಹೇಳುತ್ತಾನೆ. ಮಂಚವೂ ಮಾತಾಡುತ್ತದೆ, ಜೋತಮ್ಮಂದಿರೂ, ಅಂದರೆ ಮನೆಯ ದೀಪಗಳೂ, ಮಾತಾಡುತ್ತಾರೆ. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಲು ಕಷ್ಟ ಅಂದವರೂ ಇದ್ದರು.

ಅವರು ಬರೆದ ಕತೆ ಕಾದಂಬರಿ ಎಲ್ಲ ಸೇರಿಸಿದರೂ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಕಡಿಮೆ ಬರೆಯುವುದೂ ಒಂದು ದಾರಿಯೇ. ಯೂಟ್ಯೂಬಿನವರು ಇದಕ್ಕೆ ಪಾಠ ಮಾಡುವುದಿಲ್ಲ.

ನಾನೀಗ ಒಂದು ಪುಟ ಬರೆದರೆ ಅದನ್ನು ನಮ್ಮವ್ವನಿಗೆ ಓದಿ ಹೇಳುತ್ತೇನೆ. ಅವಳಿಗೆ ಓದು ಬರುವುದಿಲ್ಲ. ಕೇಳುತ್ತಾ ಕೇಳುತ್ತಾ ಎಲ್ಲಿ ಅವಳು ಎದ್ದು ಬೇರೆ ಕೆಲಸಕ್ಕೆ ಹೋಗುತ್ತಾಳೋ ಅಲ್ಲಿ ಗೀಟು ಹಾಕುತ್ತೇನೆ. ಏನೂ ಹೇಳುವುದಿಲ್ಲ ಅವಳು, ಎದ್ದು ಹೋಗುತ್ತಾಳೆ ಅಷ್ಟೇ.

ಭಟ್ಟಿಬೀದಿ ಅಣ್ಣ, ನಿಮ್ಮ ಕತೆ ಹೇಳುವವರು ಯಾರು? ಅವರ ಬಾಯಲ್ಲಿ ಯಾವ ಮಾತು?

ಪುರವಣಿ

ಇದಕ್ಕಿಂತ ಒಳ್ಳೆಯ ಸಂಪಾದಕರು ಬೆಂಗಳೂರಿನಲ್ಲಿ ಸಿಗುವುದಿಲ್ಲ.

ಅಡಿಟಿಪ್ಪಣಿ

ದಾವಣಗೆರೆಯವರಿಗೆ ಪಕ್ಕದ ಚಿತ್ರದುರ್ಗದ ತ.ರಾ.ಸು. ನೆನಪಿರಲಿ. ದುರ್ಗದ ಪಾಳೆಯಗಾರರ ಮೇಲೆ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಅಂತ ಒಂದಾದ ಮೇಲೆ ಒಂದು ಬರೆದರು. ಅದರ ನಂತರವೂ ಅದೇ ಕೋಟೆಗೆ ಮರಳಿ ಮರಳಿ ಹೋದರು. ಎಲ್ಲಕ್ಕಿಂತ ದೊಡ್ಡದಾದ ‘ದುರ್ಗಾಸ್ತಮಾನ’ ಬಂದದ್ದು 1982ರಲ್ಲಿ, ತೀರಿಕೊಳ್ಳುವ ಎರಡು ವರ್ಷ ಮೊದಲು. ಒಂದೇ ಕಲ್ಲುಬೆಟ್ಟವನ್ನು ಇಷ್ಟು ಕಾಲ ಬಿಡದೆ ನೋಡಿದವರು ಅವರು. ಮೊದಲ ಪುಸ್ತಕದಲ್ಲೇ ಭಟ್ಟಿಯ ಇಡೀ ಲೋಕ ತುಂಬಿಸಬೇಕು ಅಂತ ಹಟ ಬೇಡ.

ಭಟ್ಟಿಬೀದಿ

ಒಂದು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬ್ಯಾಂಕಿನಲ್ಲಿ ಆಡಿಟ್ ಇತ್ತು.

ಪುರವಣಿ ಸರ್ ಹೇಳಿದ ಹಾಗೆ ಮೂರೂ ಕೊನೆಯ ಪ್ಯಾರಾ ತೆಗೆದು ಬೇರೆ ಕಡತದಲ್ಲಿ ಇಟ್ಟಿದ್ದೇನೆ, ಅಳಿಸಲು ಮನಸ್ಸು ಬರಲಿಲ್ಲ. ಎರಡನೇ ಅಧ್ಯಾಯವನ್ನು ಬಹಳ ಮುಂದಕ್ಕೆ ದೂಡಿದ್ದೇನೆ. ಈಗ ಎರಡನೇದು ಅಂದರೆ ಅಜ್ಜ ಹಗಲಿಡೀ ಏನು ಮಾಡಿದ ಅನ್ನುವುದು. ಅದನ್ನು ಬೆಳಿಗ್ಗೆ ಬರೆಯಲು ಆಗುತ್ತಿಲ್ಲ. ಸಂಜೆ ಬ್ಯಾಂಕಿನ ಶಟರ್ ಎಳೆದ ಮೇಲೆ ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆ ಕೂರುತ್ತೇನೆ. ಮನೆಗೆ ಹೋದರೆ ಆಗುವುದಿಲ್ಲ. ಕೈಬರಹದಲ್ಲೇ ಬರೆಯುತ್ತಿದ್ದೇನೆ, ಕಂಪ್ಯೂಟರ್ ಮುಂದೆ ಕೂತರೆ ಕೈ ಲೆಡ್ಜರಿನ ಕಡೆಗೇ ಹೋಗುತ್ತದೆ.

ಬುಧವಾರಪೇಟೆ ಮೇಡಂ, ನಿಮ್ಮ ನೋಟ್‌ಬುಕ್ ಶುರು ಮಾಡಿದ್ದೇನೆ. ಅಜ್ಜಿಯ ಪುಟದಲ್ಲಿ ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ಅವಳಿಗೆ ಮೊದಲ ದಿನದಿಂದಲೇ ಮಿಲ್ಲು ಮುಚ್ಚಿದ್ದು ಗೊತ್ತಿದೆ. ಆದರೂ ದಿನಾ ಡಬ್ಬಿ ಕಟ್ಟುತ್ತಾಳೆ. ಇದು ನನ್ನ ತಲೆಯಲ್ಲಿ ಇರಲೇ ಇಲ್ಲ.

ಸಾಲುಮರ ಸರ್, ಭಾನುವಾರ ಭಟ್ಟಿಗೆ ಹೋಗಿ ಕೂತಿದ್ದೆ. ಹೊಗೆಗೆ ಕಣ್ಣು ಉರಿದು ಬೇಗ ಎದ್ದುಬಂದೆ. ಆದರೆ ಜರಡಿ ಹಿಡಿಯುವ ಹೆಂಗಸರು ಮಾತಾಡುವ ರೀತಿ ಕೇಳಿದೆ. ಮರಳಿನ ಸದ್ದಿಗೆ ಅವರು ಅರ್ಧ ಮಾತು ಬಾಯಲ್ಲಿ, ಅರ್ಧ ಕೈಸನ್ನೆಯಲ್ಲಿ ಆಡುತ್ತಾರೆ. ಕೆಂಪುಮಣ್ಣು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಎಲ್ಲೋ ಇದೆ ಅನ್ನಿಸುತ್ತಿದೆ, ಇನ್ನೂ ಕೈಗೆ ಸಿಕ್ಕಿಲ್ಲ.

ಒಂದು ಸಣ್ಣ ಸಹಾಯ. ಹಳೆಯ ಅಧ್ಯಾಯಗಳು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಗುರುತು ಕಾಣುತ್ತವೆ. ಏನು ಮಾಡುವುದು?

ಲೋಕಲ್‌ಗಾಡಿ

ಅದು ಹಳೆಯ ಆಸ್ಕಿ ಫಾಂಟು. ಅದನ್ನು ಯೂನಿಕೋಡಿಗೆ, ಅಂದರೆ ಈಗಿನ ಫೋನು, ಕಂಪ್ಯೂಟರು ಓದುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸುವ ಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒಂದು ಸಲ ಪೂರ್ತಿ ಓದಿ, ಅರ್ಕಾವತ್ತು, ಒತ್ತಕ್ಷರ ಕೆಲವು ಕಡೆ ಜಾಗ ಬದಲಾಯಿಸಿರುತ್ತವೆ. ಇನ್ನು ಮುಂದೆ ಯೂನಿಕೋಡಿನಲ್ಲೇ ಟೈಪ್ ಮಾಡಿ.

ರಾಗಿಮುದ್ದೆ

ಅದೆಲ್ಲ ಇರಲಿ. ಅಜ್ಜ ತಿಂಗಳ ಕೊನೆಗೆ ದುಡ್ಡು ಎಲ್ಲಿಂದ ತಂದ? ಅದು ಹೇಳಿ ಮೊದಲು.

ಲೋಕಲ್‌ಗಾಡಿ

ನನಗನ್ನಿಸುತ್ತದೆ ಮಿಲ್ಲಿನ ಕ್ಯಾಂಟೀನ್ ನಡೆಸುತ್ತಿದ್ದವನ ಹತ್ತಿರ ಸಾಲ ತಂದಿರಬೇಕು. ಅವನಿಗೂ ವ್ಯಾಪಾರ ಹೋಯಿತಲ್ಲ, ಹಾಗಾದರೆ ಅವನೇ ಯಾಕೆ ಕೊಡುತ್ತಾನೆ ಅನ್ನುವುದು ಇನ್ನೊಂದು…

ಒಗ್ಗರಣೆ

ಇಲ್ಲ ಇಲ್ಲ, ಅಜ್ಜಿಯೇ ಯಾರ ಕೈಯಲ್ಲೋ ಕೊಟ್ಟು ಕಳಿಸಿದ್ದು. ಅವಳಿಗೆ ಎಲ್ಲ ಗೊತ್ತಲ್ಲ.

ಭಟ್ಟಿಬೀದಿ

ದಯವಿಟ್ಟು ಯಾರೂ ಹೇಳಬೇಡಿ. ನಾನಿನ್ನೂ ಆ ತಿಂಗಳ ಇಪ್ಪತ್ತೆರಡನೇ ತಾರೀಖಿನಲ್ಲಿದ್ದೇನೆ.